ಗಾಳಿಯಂತ್ರ ಒಬ್ಬರ ಹೊಲದಲ್ಲಿ, ಸದ್ದು ಇನ್ನೊಬ್ಬರ ಮನೆಗೆ

ಗಾಳಿ ವಿದ್ಯುತ್ ಯೋಜನೆಗಳಿಗೆ ಜಾಗ ನೋಡಿ ನಕ್ಷೆ ಹಾಕುವುದು ನನ್ನ ಕೆಲಸ. "ಇಲ್ಲಿ ಗಾಳಿ ಜೋರು, ಯಂತ್ರ ನಿಲ್ಲಿಸಿಬಿಡಿ" ಅಂತ ಬಹಳ ಜನ ಹೇಳುತ್ತಾರೆ. ಜೋರು ಅಂದರೆ ಎಷ್ಟು? ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ 8 ಪಟ್ಟಾಗುತ್ತದೆ. ಸೆಕೆಂಡಿಗೆ 6 ಮೀಟರ್ ಇದ್ದದ್ದು 7 ಆದರೂ ಸಾಕು, ಒಂದೂವರೆ ಪಟ್ಟಿಗಿಂತ ಜಾಸ್ತಿ. ಅಳತೆ ಸ್ವಲ್ಪ ತಪ್ಪಿದರೂ ಮುಂದಿನ ಲೆಕ್ಕವೆಲ್ಲ ತಲೆಕೆಳಗು. ಅದಕ್ಕೇ ಮೊದಲು ನಿಲ್ಲಿಸುವುದು ಯಂತ್ರವನ್ನಲ್ಲ, ಅಳತೆಯ ಕಂಬವನ್ನು. ಬೇರೆ ಬೇರೆ ಎತ್ತರದಲ್ಲಿ ತಿರುಗುವ ಸಣ್ಣ ಬಟ್ಟಲುಗಳು ವೇಗ ಅಳೆಯುತ್ತವೆ, ಕಮ್ಮಿ ಅಂದರೂ ಒಂದು ವರ್ಷ, ಎಲ್ಲ ಕಾಲವೂ ಒಮ್ಮೆ ಬಂದು ಹೋಗಬೇಕಲ್ಲ.

ಆ ವರ್ಷವೇ ಊರಿನವರ ಜೊತೆ ಕೂತು ಮಾತಾಡುವ ಸಮಯ. ಕಂಬ ಕಂಡ ಮೇಲೆ ಸುದ್ದಿ ಹೇಗೂ ಹರಡುತ್ತದೆ, ನಾವು ಹೇಳದಿದ್ದರೆ ಬೇರೆ ಯಾರೋ ಬಣ್ಣ ಕಟ್ಟಿ ಹೇಳುತ್ತಾರೆ.

ಎಲ್ಲರೂ ಮೊದಲು ಕೇಳುವುದು ಎಷ್ಟು ಜಮೀನು ಹೋಗುತ್ತೆ ಅಂತ. ನಾನು ಪಾಯದ ಚಿತ್ರ ಬಿಡಿಸಿ ತೋರಿಸುತ್ತೇನೆ. ದೊಡ್ಡ ಯಂತ್ರದ ಕಾಂಕ್ರೀಟ್ ಪಾಯ ಸುಮಾರು 20 ಮೀಟರ್ ಅಗಲ ಇರುತ್ತದೆ, ಆದರೆ ಅದರ ಬಹುಪಾಲು ಮಣ್ಣಿನ ಕೆಳಗೆ. ಮೇಲೆ ಕಾಣುವುದು ಟವರ್‌ನ ಬುಡ ಮಾತ್ರ. ಅದರ ಜೊತೆಗೆ ಕ್ರೇನ್ ನಿಲ್ಲುವ ಗಟ್ಟಿ ನೆಲ, ಒಂದು ರಸ್ತೆ. ಉಳಿದ ಕಡೆ ಉಳುಮೆ ನಡೆಯುತ್ತದೆ. ಎರಡು ವಿಷಯ ಮಾತ್ರ ಒಪ್ಪಂದದಲ್ಲೇ ಬರೆಸಬೇಕು: ಕೇಬಲ್ಲು ನೇಗಿಲಿಗೆ ಸಿಗದಷ್ಟು ಆಳದಲ್ಲಿ ಇರಬೇಕು, ಅಗೆಯುವಾಗ ಮೇಲ್ಮಣ್ಣು ಬೇರೆ ರಾಶಿ ಹಾಕಿ ಕೊನೆಗೆ ಅದನ್ನೇ ಮೇಲೆ ಹರಡಬೇಕು. ಕಲ್ಲುಮಣ್ಣು ಮೇಲೆ ಬಂದರೆ ಆ ಪಟ್ಟಿಯಲ್ಲಿ ಬೆಳೆ ಏಳುವುದಿಲ್ಲ.

ನಿಜವಾದ ಜಗಳ ಇರುವುದು ಬೇರೆ ಕಡೆ. ಒಂದು ಯಂತ್ರದ ಹಿಂದೆ ಗಾಳಿ ಸೊರಗಿ, ಕದಡಿ ಹೋಗುತ್ತದೆ. ಹಾಗಾಗಿ ಗಾಳಿ ಹೆಚ್ಚಾಗಿ ಬೀಸುವ ದಿಕ್ಕಿನಲ್ಲಿ ರೆಕ್ಕೆಗಳ ಸುತ್ತಿನ ವ್ಯಾಸದ 5ರಿಂದ 9 ಪಟ್ಟು ದೂರ ಬಿಡುತ್ತೇವೆ. ವ್ಯಾಸ 120 ಮೀಟರ್ ಅಂದರೆ 600 ಮೀಟರ್‌ನಿಂದ ಒಂದು ಕಿಲೋಮೀಟರ್‌ಗೂ ಮೇಲೆ. ಅಂದರೆ ಒಬ್ಬರ ಹೊಲಕ್ಕೆ ಯಂತ್ರ ಬರುತ್ತದೆ, ಪಕ್ಕದ ನಾಲ್ಕು ಹೊಲಗಳಿಗೆ ಬರುವುದಿಲ್ಲ. ಜಮೀನಿಗೆ ಕಂಪನಿ ಕೊಡುವ ಬಾಡಿಗೆ ಆ ಒಬ್ಬರಿಗೆ, ಸದ್ದು ಮತ್ತು ರೆಕ್ಕೆಯ ನೆರಳು ಎಲ್ಲರಿಗೂ! ಸಿಟ್ಟು ಬರದೆ ಇರುತ್ತಾ?

ನಾನು ಪಟ್ಟು ಹಿಡಿಯುವುದು ಇಲ್ಲೇ. ಯಂತ್ರಗಳ ಜಾಗ ಗೊತ್ತಾಗುವ ಮೊದಲೇ ಬಾಡಿಗೆ ಹಂಚುವ ರೀತಿ ತೀರ್ಮಾನ ಆಗಬೇಕು. ಒಂದು ಪಾಲು ಯಂತ್ರ ಇರುವ ಜಮೀನಿಗೆ, ಒಂದು ಪಾಲು ಸುತ್ತಲಿನ ಎಲ್ಲ ಜಮೀನುಗಳಿಗೆ ವಿಸ್ತೀರ್ಣದ ಲೆಕ್ಕದಲ್ಲಿ, ಇನ್ನೊಂದು ಊರಿನ ನಿಧಿಗೆ. ತನ್ನ ಹೊಲಕ್ಕೆ ಬರುತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲದಾಗ ಜನ ನ್ಯಾಯವಾಗಿಯೇ ಮಾತಾಡುತ್ತಾರೆ. ನಕ್ಷೆ ಹೊರಗೆ ಬಂದ ಮೇಲೆ ಇದೇ ಮಾತು ಎತ್ತಿ ನೋಡಿ, ಯಂತ್ರ ಸಿಕ್ಕವರು ಬಾಯಿ ಬಿಡುವುದಿಲ್ಲ. ಡೆನ್ಮಾರ್ಕ್‌ನಲ್ಲಿ 2009ರಲ್ಲಿ ಜಾರಿಗೆ ಬಂದ ಕಾನೂನು ಹೊಸ ಯೋಜನೆಯ ಕನಿಷ್ಠ 20% ಪಾಲನ್ನು ಕೊಳ್ಳುವ ಅವಕಾಶ ಸ್ಥಳೀಯರಿಗೆ ಕೊಡಲೇಬೇಕು ಅಂದಿತ್ತು. ಪಾಲು ಕೊಳ್ಳಲು ಕೈಯಲ್ಲಿ ದುಡ್ಡಿಲ್ಲದವರಿಗೆ ಅದರಿಂದ ಏನೂ ಸಿಗುವುದಿಲ್ಲ, ಹಾಗಾಗಿ ನನಗೆ ಊರಿನ ನಿಧಿಯೇ ಇಷ್ಟ.

ತಿರುಗುವ ರೆಕ್ಕೆಯ ನೆರಳು ಮನೆಯ ಮೇಲೆ ಬಿದ್ದು ಮಿನುಗುವುದಕ್ಕೆ ಜರ್ಮನಿಯ ಮಿತಿ ಹಿಡಿದು ಲೆಕ್ಕ ಹಾಕುತ್ತೇನೆ: ಒಂದು ಮನೆಗೆ ವರ್ಷಕ್ಕೆ 30 ಗಂಟೆ, ದಿನಕ್ಕೆ 30 ನಿಮಿಷ. ಮೀರುವ ಹಾಗಿದ್ದರೆ ಆ ಹೊತ್ತಿಗೆ ಯಂತ್ರ ತಾನೇ ನಿಲ್ಲುವಂತೆ ಮಾಡಬಹುದು.

ಉದ್ಯೋಗದ ಬಗ್ಗೆ ದೊಡ್ಡ ಮಾತು ಬೇಡ. ಕಟ್ಟುವಾಗ ಕೆಲಸ ಜಾಸ್ತಿ, ಆಮೇಲೆ ಕೆಲವು ತಂತ್ರಜ್ಞರು, ಕಾವಲುಗಾರರು, ಅಷ್ಟೇ. ಇದನ್ನು ಮೊದಲ ಸಭೆಯಲ್ಲೇ ಹೇಳಿಬಿಡುತ್ತೇನೆ. ರಸ್ತೆ ಮಾತ್ರ ಖಂಡಿತ ಉಳಿಯುತ್ತದೆ, ಉದ್ದನೆಯ ರೆಕ್ಕೆ ಹೊತ್ತ ಲಾರಿ ತಿರುಗಬೇಕಾದರೆ ಅಗಲವಾಗಿ ಮಾಡಲೇಬೇಕು. ಅದು ಹೊಲಗಳಿಗೂ ಉಪಯೋಗಕ್ಕೆ ಬರುವ ಕಡೆ ಹಾಯಲಿ ಅಂತ ಕೇಳಿ.

20-25 ವರ್ಷದ ಮೇಲೆ ಯಂತ್ರ ಬಿಚ್ಚುವ ಖರ್ಚು ಯಾರದ್ದು, ಪಾಯ ಎಷ್ಟು ಆಳದವರೆಗೆ ಒಡೆದು ತೆಗೆಯಬೇಕು, ಅದಕ್ಕೆ ಠೇವಣಿ ಎಲ್ಲಿ ಅನ್ನುವುದೂ ಸಹಿ ಹಾಕುವ ಮೊದಲೇ ಕಾಗದದ ಮೇಲೆ ಇರಲಿ.