ಸ್ಕೂಲ್ ಫಾರ್ಮಿನಲ್ಲಿ ಮನೆಮಾತು ಏನಂತ ಬರೆಯೋದು?

ಕ್ಯಾಲಿಫೋರ್ನಿಯಾಗೆ ಹೊಸದಾಗಿ ಬಂದವರು ನಮ್ಮನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ಮಗುವನ್ನು ಸರ್ಕಾರಿ ಸ್ಕೂಲಿಗೆ ಸೇರಿಸುವಾಗ ಮನೆಮಾತಿನ ಫಾರ್ಮ್ ಕೊಡುತ್ತಾರೆ. ನಾಲ್ಕೇ ಪ್ರಶ್ನೆ. ಮಗು ಮೊದಲು ಕಲಿತ ಮಾತು ಯಾವುದು, ಮನೆಯಲ್ಲಿ ಅದು ಹೆಚ್ಚಾಗಿ ಆಡುವುದು ಯಾವುದು, ನೀವು ಅದರ ಜೊತೆ ಆಡುವುದು ಯಾವುದು, ಮನೆಯ ದೊಡ್ಡವರು ಆಡುವುದು ಯಾವುದು.

"ಎಲ್ಲದಕ್ಕೂ ಇಂಗ್ಲಿಷ್ ಅಂತ ಬರೆದುಬಿಡಿ, ಇಲ್ಲಾಂದ್ರೆ ದಡ್ಡರ ಕ್ಲಾಸಿಗೆ ಹಾಕ್ತಾರೆ" ಅನ್ನುವವರು ನಿಮಗೂ ಸಿಗುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡಿ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ.

ಮೊದಲ ಮೂರರಲ್ಲಿ ಒಂದಕ್ಕೆ ಕನ್ನಡ ಅಂತ ಬರೆದರೂ, ಸೇರಿದ 30 ದಿನದೊಳಗೆ ಎಲ್‌ಪ್ಯಾಕ್ (ELPAC) ಅನ್ನುವ ಇಂಗ್ಲಿಷ್ ಪರೀಕ್ಷೆ ಇರುತ್ತದೆ. ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು. ಚೆನ್ನಾಗಿ ಮಾಡಿದರೆ ಅಲ್ಲಿಗೇ ಮುಗಿಯಿತು. ಇಲ್ಲದಿದ್ದರೆ ಸ್ವಲ್ಪ ಹೊತ್ತು ಇಂಗ್ಲಿಷನ್ನೇ ಬೇರೆಯಾಗಿ ಹೇಳಿಕೊಡುತ್ತಾರೆ. ಉಳಿದ ಪಾಠ ಸಾಮಾನ್ಯವಾಗಿ ಎಲ್ಲರ ಜೊತೆಗೇ. ಆಮೇಲೆ ಪ್ರತಿ ವರ್ಷ ಫೆಬ್ರವರಿಯಿಂದ ಮೇ ಒಳಗೆ ಮತ್ತೆ ಪರೀಕ್ಷೆ. ಅದು ಬೇಡ ಅನ್ನುವ ಹಾಗಿಲ್ಲ. ಒಟ್ಟು ಅಂಕ 4ನೇ ಮಟ್ಟ ಮುಟ್ಟಿದಾಗ ಟೀಚರ್ ಜೊತೆ ನಿಮ್ಮ ಅಭಿಪ್ರಾಯವನ್ನೂ ಕೇಳಿ, ಇಂಗ್ಲಿಷ್ ಕಲಿಯುತ್ತಿರುವವರ ಪಟ್ಟಿಯಿಂದ ಮಗುವಿನ ಹೆಸರು ತೆಗೆಯುತ್ತಾರೆ. ಅಭಿಪ್ರಾಯ ಕೇಳಲು ಕರೆದ ದಿನ ತಪ್ಪಿಸಿಕೊಳ್ಳಬೇಡಿ.

ಈ ಇಂಗ್ಲಿಷ್ ಪಾಠ ಯಾರೂ ಕನಿಕರದಿಂದ ಕೊಟ್ಟದ್ದಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಕುಟುಂಬಗಳು ಸುಪ್ರೀಂ ಕೋರ್ಟ್ ತನಕ ಹೋಗಿ 1974ರಲ್ಲಿ ಗೆದ್ದದ್ದು.

ನನ್ನ ಮಗಳು ಬೆಂಗಳೂರಿನಲ್ಲಿ ಇಂಗ್ಲಿಷ್ ಮೀಡಿಯಂ ಯುಕೆಜಿ ಮುಗಿಸಿ ಬಂದವಳು. ನನಗೆ ಆ ಜಂಬ ಬೇರೆ. ಮೊದಲ ದಿನ ಟೀಚರ್ "ಕ್ರಿಸ್‌ಕ್ರಾಸ್ ಆಪಲ್‌ಸಾಸ್" ಅಂದರಂತೆ. ಉಳಿದವರೆಲ್ಲ ಕೂತರು. ಇವಳೊಬ್ಬಳು ತಿನ್ನೋಕೆ ಏನೋ ಕೊಡ್ತಾರೆ ಅಂತ ಕೈ ಚಾಚಿ ನಿಂತಿದ್ದಳು. ಚಕ್ಕಳಮಕ್ಕಳ ಹಾಕಿ ಕೂತ್ಕೊಳ್ಳಿ ಅನ್ನೋದಕ್ಕೆ ಇಲ್ಲಿ ಹಾಗೆ ಹೇಳುತ್ತಾರೆ, ಅಷ್ಟೇ! ರಬ್ಬರ್‌ಗೆ ಇರೇಸರ್ ಅನ್ನಬೇಕು ಅಂತಲೂ ಅದೇ ವಾರ ಗೊತ್ತಾಯಿತು. ಇದೆಲ್ಲ ಮೂರು ತಿಂಗಳಲ್ಲಿ ಸರಿಹೋಯಿತು. ಸರಿಹೋಗುತ್ತಿದ್ದ ಹಾಗೇ ಅಜ್ಜಿಗೆ ಫೋನಿನಲ್ಲಿ ಇಂಗ್ಲಿಷಿನಲ್ಲೇ ಉತ್ತರ ಬರತೊಡಗಿತು.

ಹಾಗಾಗಿ, ಮನೆಯಲ್ಲೂ ಇಂಗ್ಲಿಷ್ ಮಾತಾಡಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಇಂಗ್ಲಿಷನ್ನು ಸ್ಕೂಲು ನೋಡಿಕೊಳ್ಳುತ್ತದೆ. ಕನ್ನಡಕ್ಕೆ ನಿಮ್ಮನ್ನು ಬಿಟ್ಟರೆ ಯಾರಿದ್ದಾರೆ? ರಾತ್ರಿ ಒಂದು ಕಥೆ ಹೇಳಿ, ಸಾಕು.

ಸೇರಿಸಲು ಹೋಗುವಾಗ ಹುಟ್ಟಿದ ದಿನಾಂಕದ ದಾಖಲೆ, ಮನೆ ವಿಳಾಸದ ದಾಖಲೆ, ಲಸಿಕೆ ಕಾರ್ಡ್ ಜೊತೆಗಿರಲಿ. ವೀಸಾ ತೋರಿಸಬೇಕಿಲ್ಲ. ತುಂಬಿದ ಫಾರ್ಮಿನ ಫೋಟೊ ತೆಗೆದಿಟ್ಟುಕೊಳ್ಳಿ. ಏನಾದರೂ ತಪ್ಪಾಗಿ ಬರೆದಿದ್ದರೆ ಪರೀಕ್ಷೆಗೆ ಮುಂಚೆಯೇ ಆಫೀಸಿಗೆ ಹೋಗಿ ತಿದ್ದಿಸಬೇಕು.