ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಅಳತೆ ಟೇಪ್ ಒಯ್ಯಿರಿ

ಕಲಬುರಗಿಯಿಂದ ಮಕ್ಕಳೊಂದಿಗೆ ಹುಬ್ಬಳ್ಳಿಯ ಅಥವಾ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯ ನೋಡಲು ಹೊರಡುವವರು ಚೀಲದಲ್ಲಿ ಬಡಿಗರು ಬಳಸುವ 3 ಮೀಟರಿನ ಉಕ್ಕಿನ ಟೇಪ್ ಇಟ್ಟುಕೊಂಡು, ಪ್ರತಿ ಎಂಜಿನ್ನಿನ ಮುಂದೆಯೂ ಎರಡು ಹಳಿಗಳ ಒಳ ಅಂಚುಗಳ ನಡುವಿನ ಅಂತರವನ್ನು, ಅಂದರೆ ಗೇಜನ್ನು, ಮಕ್ಕಳಿಂದಲೇ ಅಳೆಯಿಸಿರಿ. ಸುಮಾರು 1,676 ಮಿ.ಮೀ. ಬಂದರೆ ಬ್ರಾಡ್ ಗೇಜ್, 1,000 ಬಂದರೆ ಮೀಟರ್ ಗೇಜ್, 762 ಅಥವಾ 610 ಬಂದರೆ ನ್ಯಾರೋ ಗೇಜ್. 2017ರಲ್ಲಿ ಆರಂಭವಾದ ಬೀದರ್ ಮಾರ್ಗವೂ ಸೇರಿ ನಮ್ಮ ಕಲಬುರಗಿಯ ಹಳಿಗಳೆಲ್ಲ ಬ್ರಾಡ್ ಗೇಜ್ ಆಗಿರುವುದರಿಂದ, ಫಲಕ ಓದಲು ಬೇಸರಪಡುವ ಮಗುವೂ ತಾನು ಕುಳಿತು ಬಂದ ಬೋಗಿಗೂ ಕಣ್ಣೆದುರಿನ ಬೋಗಿಗೂ ಇರುವ ವ್ಯತ್ಯಾಸವನ್ನು ಸ್ವತಃ ಕಂಡುಕೊಂಡು, ಹಳೆಯದು ಅಷ್ಟು ಕಿರಿದೇಕೆ ಎಂದು ಕೇಳತೊಡಗುತ್ತದೆ. ಇಡೀ ದಿನದ ಓಡಾಟಕ್ಕಿಂತ ಆ ಒಂದು ಪ್ರಶ್ನೆಯೇ ನನಗೆ ಹೆಚ್ಚೆನಿಸುತ್ತದೆ. ಹೊಲಿಗೆಯ ಟೇಪ್ ಸುಮಾರು 150 ಸೆಂ.ಮೀ.ಗೇ ಮುಗಿಯುವುದರಿಂದ ಬ್ರಾಡ್ ಗೇಜಿಗೆ ಸಾಲದು. ಎಂಜಿನ್ನಿನ ಸುತ್ತ ಬೇಲಿಯಿದ್ದರೆ ಈ ಉಪಾಯ ನಡೆಯುವುದಿಲ್ಲ, ಮಧ್ಯಾಹ್ನದ ಬಿಸಿಲಿನಲ್ಲಿ ಹಳಿ ಕೈ ಸುಡುತ್ತದೆ. ರೈಲು ಓಡುವ ಹಳಿಯಲ್ಲಿ ಮಾತ್ರ ಇದನ್ನು ಎಂದಿಗೂ ಮಾಡಬಾರದು: ಜೀವಕ್ಕೆ ಅಪಾಯವಿರುವುದಷ್ಟೇ ಅಲ್ಲದೆ, ಎರಡೂ ಹಳಿಗಳಿಗೆ ತಾಗಿದ ಉಕ್ಕಿನ ಟೇಪ್, ಸಿಗ್ನಲ್ ವ್ಯವಸ್ಥೆಗಾಗಿ ಹಳಿಯಲ್ಲಿ ಹರಿಯುವ ಸಣ್ಣ ವಿದ್ಯುತ್ತನ್ನು ಅಡ್ಡದಾರಿ ಹಿಡಿಸಿ, ಅಲ್ಲಿ ರೈಲು ನಿಂತಿದೆ ಎಂಬ ತಪ್ಪು ಸೂಚನೆ ಕೊಡಬಲ್ಲದು.