ಡೆನ್ಮಾರ್ಕಿನ ಹಿರಿಯರನ್ನು ಹುಡುಕುವಾಗ ಊರು ಮೊದಲು, ಹೆಸರು ಆಮೇಲೆ

ನನ್ನ ಗಂಡನ ಮನೆಯವರು ಡೆನ್ಮಾರ್ಕಿನವರು. ಅವರ ಮುತ್ತಜ್ಜಿಯ ಫೋಟೋ ಹಿಂದೆ ಪೆನ್ಸಿಲಿನಲ್ಲಿ ಬರೆದಿದ್ದು ಒಂದೇ ಪದ: ನ್ಯುಕೋಬಿಂಗ್. ಆ ಹೆಸರಿನ ಪಟ್ಟಣ ಅಲ್ಲಿ ಮೂರಿವೆ. ಫಾಲ್ಸ್ಟರ್ ದ್ವೀಪದ್ದೇ ಇರಬೇಕು ಅಂತ ಎರಡು ತಿಂಗಳು ಅಲ್ಲಿಯ ದಾಖಲೆಗಳನ್ನೇ ತಿರುವಿ ಹಾಕಿದೆ. ಆಕೆ ಹುಟ್ಟಿದ್ದು ಮೋರ್ಸ್ ದ್ವೀಪದಲ್ಲಿ!

ಅದಕ್ಕೇ ಹೇಳೋದು, ಪ್ಯಾರಿಷ್ ಯಾವುದು ಅಂತ ಗೊತ್ತಾಗುವವರೆಗೆ ಹೆಸರಿನ ಹಿಂದೆ ಬೀಳಬೇಡಿ. ಪ್ಯಾರಿಷ್ ಅಂದರೆ ಒಂದು ಚರ್ಚಿಗೆ ಸೇರಿದ ಊರುಗಳು. ಹಿಂದೆ ಹಳ್ಳಿಯವರಿಗೆ ಮನೆತನದ ಹೆಸರೇ ಇರಲಿಲ್ಲ. ಪೆಡರ್‌ನ ಮಗ ಯೆನ್ಸ್ ಪೆಡರ್ಸನ್. ಆ ಯೆನ್ಸ್‌ನ ಮಗ ಯೆನ್ಸನ್, ಮಗಳು ಯೆನ್ಸ್‌ಡಾಟರ್. ನಮ್ಮ ಇನಿಷಿಯಲ್ ಥರಾನೇ, ತಲೆಮಾರಿಗೊಮ್ಮೆ ಬದಲಾಗುತ್ತದೆ. ಮನೆತನದ ಹೆಸರು ಇಟ್ಟುಕೊಳ್ಳಿ ಅಂತ 1828ರಲ್ಲಿ ಆದೇಶ ಬಂದರೂ ಹಳ್ಳಿಗಳಲ್ಲಿ ಅದು ರೂಢಿಯಾಗಲು ದಶಕಗಳೇ ಹಿಡಿದವು.

ಊರು ಸಿಗುವುದು ಜನಗಣತಿಯಲ್ಲಿ. 1845ರಿಂದ ಪ್ರತಿಯೊಬ್ಬರೂ ಹುಟ್ಟಿದ ಜಾಗ ಬರೆದಿದ್ದಾರೆ. ನನಗೆ ದಾರಿ ತೋರಿಸಿದ್ದು 1880ರ ಗಣತಿ. ನ್ಯುಕೋಬಿಂಗ್ ಪಕ್ಕದಲ್ಲೇ ಜಿಲ್ಲೆಯ ಹೆಸರಿತ್ತು, ಥಿಸ್ಟೆಡ್. ಮೋರ್ಸ್ ದ್ವೀಪ ಆಗ ಇದ್ದದ್ದು ಅದೇ ಜಿಲ್ಲೆಯಲ್ಲಿ. ಗಣತಿ, ಚರ್ಚ್ ಪುಸ್ತಕ (ಹುಟ್ಟು, ಮದುವೆ, ಸಾವುಗಳನ್ನು ಪಾದ್ರಿ ಬರೆದಿಡುತ್ತಿದ್ದ ಪುಸ್ತಕ) ಎರಡನ್ನೂ ಡೆನ್ಮಾರ್ಕಿನ ರಾಷ್ಟ್ರೀಯ ಪತ್ರಾಗಾರ ಸ್ಕ್ಯಾನ್ ಮಾಡಿ ಆನ್‌ಲೈನ್‌ನಲ್ಲಿ ಉಚಿತವಾಗಿ ಇಟ್ಟಿದೆ. ಸುಮ್ನೆ ಮೊದಲೇ ಯಾವುದಕ್ಕೂ ದುಡ್ಡು ಕಟ್ಟಬೇಡಿ.

1814ರಿಂದ ಚರ್ಚ್ ಪುಸ್ತಕಕ್ಕೆ ಅಚ್ಚಿನ ಕಾಲಂಗಳು ಬಂದವು, ಓದೋದು ಸುಲಭ. ಪ್ರತಿಗಳೂ ಎರಡು. ಬೆಂಕಿ ಬಿದ್ದರೆ ಎರಡೂ ಹೋಗಬಾರದಲ್ವಾ, ಅದಕ್ಕೆ ರಾತ್ರಿ ಒಂದೇ ಸೂರಿನಡಿ ಇಡುವಂತಿರಲಿಲ್ಲ. ಒಂದರಲ್ಲಿ ಪುಟ ಮಸುಕಾಗಿದ್ದರೆ ಇನ್ನೊಂದನ್ನು ತೆರೆಯಿರಿ.

ಜಾಸ್ತಿ ಕಾಡುವುದು ಹಳೆಯ ಗಾಥಿಕ್ ಕೈಬರಹ. 'ಇ' (e) ಅಕ್ಷರ 'ಎನ್' (n) ಥರ ಕಾಣುತ್ತದೆ. 'ಯು' (u) ತಲೆಯ ಮೇಲೊಂದು ಸಣ್ಣ ಕೊಕ್ಕೆ. ನಾನು ಮಾಡಿದ್ದು ಇಷ್ಟೇ: ಅದೇ ಪಾದ್ರಿ ಬರೆದ ತಿಂಗಳ ಹೆಸರುಗಳನ್ನು ಹುಡುಕಿದೆ. ಅವು ಗೊತ್ತಿರುವ ಪದಗಳು. ಒಂದೊಂದೇ ಅಕ್ಷರ ಕಾಗದದ ಮೇಲೆ ತಿದ್ದಿದೆ. ವಾರದೊಳಗೆ ಆ ಪಾದ್ರಿಯ ಕೈ ಪರಿಚಯವಾಯಿತು. ಪಾದ್ರಿ ಬದಲಾದರೆ ಮತ್ತೆ ಮೊದಲಿಂದ.

ಗಂಡಸರಿಗೆ ಸೈನ್ಯದ ಪಟ್ಟಿಗಳಿವೆ. ಹೆಂಗಸರಿಗೆ ಅದಿಲ್ಲ. ಮನೆಗೆಲಸಕ್ಕಿದ್ದ ಹುಡುಗಿಯರು ಮೇ, ನವೆಂಬರ್ ತಿಂಗಳಲ್ಲಿ ಯಜಮಾನರನ್ನು ಬದಲಿಸುತ್ತಿದ್ದರು, ಜಾಡು ತಪ್ಪುತ್ತದೆ. ಆಗ ಚರ್ಚ್ ಪುಸ್ತಕದ ಕನ್ಫರ್ಮೇಷನ್ ಪುಟ ನೋಡಿ. ಕನ್ಫರ್ಮೇಷನ್ ಅಂದರೆ ಹದಿಹರೆಯದವರು ಚರ್ಚಿನಲ್ಲಿ ತಮ್ಮ ನಂಬಿಕೆಯನ್ನು ದೃಢಪಡಿಸುವ ವಿಧಿ. ಹುಟ್ಟಿದ ದಿನ, ಅಪ್ಪ ಅಮ್ಮ, ಸಿಡುಬಿನ ಲಸಿಕೆ ಹಾಕಿಸಿದ ದಿನ, ಎಲ್ಲ ಒಂದೇ ಸಾಲಿನಲ್ಲಿ ಸಿಗುತ್ತದೆ. ಪಾದ್ರಿಯ ಅಭಿಪ್ರಾಯವೂ ಇರುತ್ತದೆ. ಮುತ್ತಜ್ಜಿಯ ಸಾಲಿನಲ್ಲಿ ಬರೆದಿತ್ತು: ಓದು ಚೆನ್ನಾಗಿದೆ, ನಡತೆ ತುಂಬಾ ಚೆನ್ನಾಗಿದೆ. ಅದನ್ನು ಮಗಳಿಗೆ ಎರಡು ಸಲ ಓದಿ ಹೇಳಿದೆ.